ನರಿಯ ವಾಸನೆ

ಕುಡಿದದ್ದು ಸಂಜೆಯ ಹೊತ್ತಿಗೆ ಇಳಿದುಹೋಯಿತು. ಅಲ್ಲಿ ಕಿವಿಗೆ ಬಿದ್ದ ಒಂದು ಮಾತು ಮಾತ್ರ ಎರಡು ವಾರವಾದರೂ ಇಳಿದಿಲ್ಲ. ಅದೂ ಇಡೀ ಮಾತಲ್ಲ, ಒಂದೇ ಒಂದು ಪದ: ಫಾಕ್ಸಿ.

ನಂದಿಬೆಟ್ಟದ ತಪ್ಪಲಿನ ಒಂದು ವೈನರಿಯಲ್ಲಿ ನಮ್ಮನ್ನು ಸುತ್ತಾಡಿಸುತ್ತಿದ್ದ ಹುಡುಗಿ ಆಡಿದ್ದು. ಚೂಟಿ ಹುಡುಗಿ, ನಗುಮುಖ, ಯಾರನ್ನೂ ನೋಯಿಸುವ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ಕೆದಕಿದವನು ನಾನೇ. “ಬೆಂಗಳೂರು ಬ್ಲೂ ದ್ರಾಕ್ಷಿಯಲ್ಲಿ ನೀವು ವೈನ್ ಮಾಡೋದಿಲ್ವಾಮ್ಮ?” ಅಂತ ಕೇಳಿದೆ. “ಅಯ್ಯೋ ಇಲ್ಲ ಸರ್, ಅದರಲ್ಲಿ ಮಾಡಿದ್ರೆ ವೈನು ಫಾಕ್ಸಿ ಆಗುತ್ತೆ” ಅಂದಳು. ಹಾಗಂದರೆ? “ಒಂಥರಾ ನರಿ ವಾಸನೆ ಸರ್.” ಗುಂಪಿನಲ್ಲಿದ್ದ ಹತ್ತು ಹನ್ನೆರಡು ಜನ ನಕ್ಕರು. ನಾನೂ ನಕ್ಕೆ. ನಗದೆ ನಿಂತರೆ ಹಳ್ಳಿ ಗಮಾರ ಅಂದುಕೊಂಡಾರು ಎಂಬ ಭಯ ಅರವತ್ತೆರಡು ತುಂಬಿದರೂ ನನ್ನನ್ನು ಬಿಟ್ಟಿಲ್ಲ.

ಆದರೆ ನರಿ! ನಾನು ಬೆಳೆದದ್ದೇ ಆ ವಾಸನೆಯಲ್ಲಿ. ದೇವನಹಳ್ಳಿ ಸೀಮೆಯಲ್ಲಿ ನನ್ನ ಸೋದರಮಾವನದು ಮೂರು ಎಕರೆ ದ್ರಾಕ್ಷಿ ತೋಟ. ಬೇಸಿಗೆ ರಜೆ ಮುಗಿಸಿ ಬೆಂಗಳೂರಿಗೆ ವಾಪಸಾಗುವಾಗ ಅತ್ತೆ ಒಂದು ಬಿದಿರು ಬುಟ್ಟಿ ತುಂಬ ಕಪ್ಪು ದ್ರಾಕ್ಷಿ ಇಟ್ಟು, ಮೇಲೆ ಹಳೇ ಸೀರೆಯ ತುಂಡು ಕಟ್ಟಿ ಕೊಡುತ್ತಿದ್ದಳು. ಬಸ್ಸು ಯಲಹಂಕ ದಾಟುವಷ್ಟರಲ್ಲಿ ಹಿಂದಿನ ಸೀಟಿನವರು ಮೂಗು ಅರಳಿಸಿ “ಎಲ್ಲಿಯ ಹಣ್ಣು?” ಎಂದು ಕೇಳುತ್ತಿದ್ದರು. ಕಂಡಕ್ಟರಿಗೆ ಒಂದು ಗೊಂಚಲು ಕೊಟ್ಟರೆ ಬುಟ್ಟಿಯ ಲಗೇಜು ಚಾರ್ಜು ಮಾಫಿ. ಯಾರೊಬ್ಬರೂ ಬಸ್ಸಿನಲ್ಲಿ ನರಿ ಹತ್ತಿದೆ ಎಂದು ದೂರಿದ್ದು ನೆನಪಿಲ್ಲ.

ಈ ಪ್ರವಾಸ ನನ್ನ ಬಯಕೆಯೇನಲ್ಲ. ನಿವೃತ್ತನಾದ ಮಾವನಿಗೆ, ಅಂದರೆ ನನಗೆ, ಏನು ಉಡುಗೊರೆ ಕೊಡುವುದೆಂದು ತೋಚದೆ ತಂಗಿಯ ಮಗಳು ಫೋನಿನಲ್ಲೇ ಎರಡು ಟಿಕೆಟ್ ತೆಗೆದು ಕಳಿಸಿದ್ದಳು. ಒಂದು ದಿನ, ಎರಡು ವೈನರಿ, ನಡುವೆ ಊಟ. ಎರಡನೆಯ ಟಿಕೆಟ್ಟು ಅತ್ತೆಗೆ ಎಂದು ಅವಳ ಲೆಕ್ಕ. ಅತ್ತೆ, ಅಂದರೆ ನನ್ನ ಹೆಂಡತಿ, “ಘಾಟಿ ಸುಬ್ರಹ್ಮಣ್ಯಕ್ಕೆ ಹೋಗೋ ದಿಕ್ಕಿಗೆ ಕುಡಿಯೋಕೆ ಅಂತ ನಾನು ಬರಲ್ಲ” ಎಂದು ಒಂದೇ ಮಾತಿನಲ್ಲಿ ಮುಗಿಸಿದಳು. ಹೀಗಾಗಿ ಟಿಕೆಟ್ಟು ಹೆಗಡೆಯವರ ಪಾಲಾಯಿತು. ಹೆಗಡೆ ನನ್ನ ಜೊತೆ ಒಂದೇ ಬ್ಯಾಂಕಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದವರು, ಸಾಗರದ ಕಡೆಯವರು. ಊರಲ್ಲಿ ಅಣ್ಣ ನೋಡಿಕೊಳ್ಳುವ ಅಡಿಕೆ ತೋಟ, ಬೆಂಗಳೂರಲ್ಲಿ ಇವರು ನೋಡಿಕೊಳ್ಳುವ ಕವಳದ ಸಂಚಿ. ವೈನು ಕುಡಿದವರಲ್ಲ. “ಪುಕ್ಕಟೆ ಅಲ್ದಾ ಮಾರಾಯ್ರೇ, ನೋಡಿ ಬರೋಣ” ಎಂದು ಹೊರಟರು.

ದ್ರಾಕ್ಷಿ, ವೈನು ಎಂದರೆ ದೇಶವೆಲ್ಲ ನಾಸಿಕದ ಕಡೆ ಕೈ ತೋರಿಸುತ್ತದೆ. ಬೆಂಗಳೂರಿನವರಿಗೇ ನಂದಿ ಎಂದರೆ ಬೆಳಗಿನ ಜಾವದ ಮಂಜು, ಸೂರ್ಯೋದಯ, ಆಮೇಲೆ ಬಿಸಿ ಬಿಸಿ ಬೋಂಡ. ಆ ಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ದಿಕ್ಕಿಗೆ, ಕನ್ವಲ್ ಗ್ರೋವರ್ ಎಂಬ ಉದ್ಯಮಿ 1988ರಲ್ಲೇ ಫ್ರಾನ್ಸಿನ ತಳಿಗಳ ತೋಟಕ್ಕೆ ಕೈಹಾಕಿದ್ದು, ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಎಂಬ ಪಳಗಿದ ಕೈ ಅದಕ್ಕೆ ಜೊತೆಯಾದದ್ದು, ಮುಂದೆ ಬೋರ್ಡೋದ ಮಿಷೆಲ್ ರೋಲಾಂಡ್ ಅಂಥವರೇ ಬಂದು ಸಲಹೆ ಕೊಟ್ಟದ್ದು, ಇದೆಲ್ಲ ಬೆಟ್ಟ ಹತ್ತಿ ಇಳಿಯುವವರ ಪೈಕಿ ಎಷ್ಟು ಜನರಿಗೆ ಗೊತ್ತೋ. ನನಗೂ ಗೊತ್ತಿರಲಿಲ್ಲ. 1988 ಎಂದರೆ ನನ್ನ ಮಾವ ಅಲ್ಲಿಂದ ಕೂಗಳತೆಯಲ್ಲಿ ತನ್ನ ತೋಟಕ್ಕೆ ಗೊಬ್ಬರ ಹೊರುತ್ತಿದ್ದ ಕಾಲ.

ಮೊದಲ ವೈನರಿಯ ಒಳಗೆ ಕಾಲಿಟ್ಟರೆ ಆಳೆತ್ತರವನ್ನೂ ಮೀರಿದ ಸ್ಟೀಲಿನ ಟ್ಯಾಂಕುಗಳ ಸಾಲು. ಹೆಗಡೆಯವರು ಕತ್ತೆತ್ತಿ ನೋಡಿ “ಹಾಲಿನ ಡೇರಿ ಇದ್ದ ಹಾಗೆ ಇದೆ” ಅಂದರು. ಅದು ನಿಜವೇ, ನಮ್ಮ ಬಿಸಿಲಿಗೆ ತಣ್ಣಗೆ ಇಡದಿದ್ದರೆ ರಸ ಹುದುಗುವ ಭರದಲ್ಲಿ ಸುವಾಸನೆಯನ್ನೆಲ್ಲ ಕಳೆದುಕೊಳ್ಳುತ್ತದಂತೆ. ಪಕ್ಕದ ಕತ್ತಲೆ ಕೋಣೆಯಲ್ಲಿ ಓಕ್ ಮರದ ಪೀಪಾಯಿಗಳು, ಒಂದೊಂದೂ 225 ಲೀಟರಿನವು. ಹೊರಗೆ ತಂತಿಗೆ ಹಬ್ಬಿಸಿದ ಬಳ್ಳಿಗಳು, ಸೊಂಟದೆತ್ತರಕ್ಕೆ ಸಣ್ಣ ಸಣ್ಣ ಗೊಂಚಲು. ಹಣ್ಣು ಬಟಾಣಿ ಕಾಳಿನಷ್ಟೇ. ಇಷ್ಟು ಸಣ್ಣ ಹಣ್ಣಿಗೆ ಇಷ್ಟು ದೊಡ್ಡ ಹೆಸರೇ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಫ್ರಾನ್ಸಿನಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ಇಲ್ಲಿ ಅದಕ್ಕೆ ನಿದ್ದೆಯೇ ಇಲ್ಲ, ವರ್ಷಪೂರ್ತಿ ಚಿಗುರುವುದೇ ಕೆಲಸ. ಹಾಗಾಗಿ ವರ್ಷಕ್ಕೆ ಎರಡು ಸಲ ಸವರುತ್ತಾರೆ: ಬೇಸಿಗೆಯಲ್ಲಿ ಒಮ್ಮೆ ರೆಂಬೆ ಬಲಿಯಲಿ ಎಂದು, ಮಳೆ ಹಿಂದಾಗುವ ಹೊತ್ತಿಗೆ ಇನ್ನೊಮ್ಮೆ ಫಸಲು ಬರಲಿ ಎಂದು. ಇಷ್ಟರ ಮಟ್ಟಿಗೆ ಎಲ್ಲ ಮಾವನ ತೋಟದ ಹಾಗೇ ಇತ್ತು. ಅದೇ ಸಲಿಗೆಯಲ್ಲಿ ನಾನು ಬೆಂಗಳೂರು ಬ್ಲೂ ಪ್ರಶ್ನೆ ಕೇಳಿ ನರಿಯನ್ನು ಮೈಮೇಲೆ ಎಳೆದುಕೊಂಡದ್ದು.

ನಂತರ ರುಚಿ ನೋಡುವ ಕೋಣೆ. ಉದ್ದನೆಯ ಮೇಜು, ಒಬ್ಬೊಬ್ಬರ ಮುಂದೆ ಐದೈದು ಗಾಜಿನ ಲೋಟ, ನಡುನಡುವೆ ಉಗುಳಲು ಒಂದು ಪಾತ್ರೆ. ಬಲ್ಲವರು ಬಾಯಿಗೆ ಹಾಕಿಕೊಂಡು, ಆಡಿಸಿ, ಅದರೊಳಗೆ ಉಗುಳಿಬಿಡುತ್ತಾರಂತೆ. ಉಳಿದವರು ಇದನ್ನು ಕೇಳಿ ಮುಜುಗರಪಟ್ಟರು. ಹೆಗಡೆಯವರು ಮಾತ್ರ ಪೀಕದಾನಿ ಕಂಡದ್ದೇ ನೆಂಟರ ಮನೆಗೆ ಬಂದವರ ಹಾಗೆ ಕುರ್ಚಿ ಎಳೆದುಕೊಂಡು ಆರಾಮಾಗಿ ಕೂತರು.

ಬಿಳಿಯದು ಬಂತು, ಗುಲಾಬಿಯದು ಬಂತು, ಹೇಳಿಕೊಳ್ಳುವಂಥದ್ದೇನಿಲ್ಲ. ಆಮೇಲೆ ಹುಡುಗಿ ಕೆಂಪು ವೈನಿನ ಬಾಟಲಿ ಎತ್ತಿ ಹಿಡಿದು, “ಇದು ಬೋರ್ಡೋ ಸ್ಟೈಲು” ಅಂದಳು.

ಹೆಗಡೆಯವರ ಕಿವಿ ನಿಮಿರಿತು. “ಬೋರ್ಡೋವಾ? ಮೈಲುತುತ್ತ ಎಷ್ಟು ಹಾಕ್ತೀರಿ?”

ಹುಡುಗಿಗೆ ಅರ್ಥವಾಗಲಿಲ್ಲ. ಗುಂಪಿನವರಿಗೂ ಆಗಲಿಲ್ಲ. ನನಗೆ ಆಯಿತು, ಬಾಯಲ್ಲಿದ್ದ ವೈನು ಮೂಗಿಗೆ ಹತ್ತಿತು.

ಮಲೆನಾಡಿನಲ್ಲಿ ಬೋರ್ಡೋ ಎಂದರೆ ಊರಲ್ಲ, ವೈನಲ್ಲ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕದಡಿ ಆಮೇಲೆ ಕೂಡಿಸಬೇಕು. ಹದ ನೋಡಲು ಕತ್ತಿಯ ಅಲಗನ್ನು ಅದ್ದಿ ಎತ್ತಬೇಕು. ಅಲಗಿಗೆ ಕೆಂಪಗೆ ತಾಮ್ರ ಹಿಡಿದರೆ ಇನ್ನಷ್ಟು ಸುಣ್ಣ ಬೇಕು ಎಂದರ್ಥ. ಮಳೆಗಾಲ ಹಿಡಿಯುತ್ತಿದ್ದಂತೆ ಒಂದು ಸಲ, ಮಳೆಯ ನಡುವೆ ಬಿಡುವು ನೋಡಿಕೊಂಡು ಇನ್ನೊಂದು ಸಲ, ಮರದ ತಲೆಯ ಹತ್ತಿರ ನೇತಾಡುವ ಕೊನೆಗಳಿಗೆ ಅದನ್ನು ಹೊಡೆಯಬೇಕು. ಹೊಡೆದು ಇಳಿದವರ ಮೈ, ಅಂಗಿ, ತೋಟದ ಹಾಳೆ, ಸೋಗೆ ಎಲ್ಲ ತಿಳಿನೀಲಿ. ಆಳು ಸಿಗದೆ, ಮಳೆ ಬಿಡದೆ ಆ ಎರಡನೇ ಹೊಡೆತ ತಪ್ಪಿದರೆ ಆ ವರ್ಷದ ಮಗಳ ಮದುವೆಯೂ ತಪ್ಪುತ್ತದೆ. ಹೆಗಡೆಯವರ ಮನೆಯಲ್ಲಿ “ಬೋರ್ಡೋ ಆಯ್ತಾ?” ಎನ್ನುವುದು “ಊಟ ಆಯ್ತಾ?” ಎನ್ನುವಷ್ಟೇ ಮಾಮೂಲಿ ಮಾತು. ಆ ಹೆಸರಿನ ಒಂದು ಊರು ಫ್ರಾನ್ಸಿನಲ್ಲಿದೆ, ಅಲ್ಲಿ ವೈನ್ ಮಾಡುತ್ತಾರೆ ಎಂಬುದು ಅವರಿಗೆ ಅಂದು ಆ ಮೇಜಿನ ಮುಂದೆ ಗೊತ್ತಾದದ್ದು. “ಅಂದರೆ ಅವರಿಗೂ ಕೊಳೆ ಬರ್ತದಾ?” ಎಂದು ನಿಜವಾದ ಕನಿಕರದಿಂದ ಕೇಳಿದರು.

ಬರುತ್ತದೆ. ಬಂದಿತ್ತು. ಮನೆಗೆ ಬಂದು ರಾತ್ರಿ ಎರಡರವರೆಗೆ ಕೂತು ಓದಿದ ಮೇಲೆ ಆ ಕಥೆ ನನಗೆ ವೈನಿಗಿಂತ ಹೆಚ್ಚು ತಲೆಗೇರಿದೆ.

ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದ ಬಳ್ಳಿಗಳ ಜೊತೆ ಒಂದು ಹೇನು ಹಡಗು ಹತ್ತಿ ಯುರೋಪಿಗೆ ಬಂತು. ಫಿಲೊಕ್ಸೆರಾ ಅಂತ ಹೆಸರು. ನೆಲದೊಳಗೆ ಬೇರಿಗೆ ಕೂತು ಹೀರುವ ಜಾತಿ. 1860ರ ದಶಕದಿಂದ ಫ್ರಾನ್ಸಿನ ತೋಟಗಳು ಒಂದೊಂದಾಗಿ ಒಣಗಿದವು. ಏನು ಮಾಡಿದರೂ ಹೇನು ಸಾಯಲಿಲ್ಲ. ಕೊನೆಗೆ ಹೊಳೆದ ಉಪಾಯ ಎಂದರೆ, ಹೇನು ಎಲ್ಲಿಂದ ಬಂತೋ ಅಲ್ಲಿನ ಬಳ್ಳಿಯ ಬೇರಿಗೆ ಅದು ಏನೂ ಮಾಡುವುದಿಲ್ಲವಲ್ಲ, ಹಾಗಾದರೆ ಆ ಬೇರಿನ ಮೇಲೇ ನಮ್ಮ ಬಳ್ಳಿಯ ಕಸಿ ಕಟ್ಟೋಣ. ಕಟ್ಟಿದರು, ಬಳ್ಳಿ ಬದುಕಿತು. ಆದರೆ ಹೀಗೆ ತರಿಸಿದ ಅಮೆರಿಕದ ಬಳ್ಳಿಗಳ ಜೊತೆಗೇ ಇನ್ನೊಬ್ಬ ನೆಂಟ ಬಂದಿಳಿದ. ಎಲೆಯ ಅಡಿಗೆ ಬೂಜು ಹಿಡಿಸುವ ಡೌನಿ ಮಿಲ್ಡ್ಯೂ. 1878ರಲ್ಲಿ ಅದು ಫ್ರಾನ್ಸಿನಲ್ಲಿ ಕಾಣಿಸಿಕೊಂಡಿತು. ಅಡಿಕೆಯ ಕೊಳೆಗೆ ಅದು ದೂರದ ನೆಂಟ. ಇಬ್ಬರಿಗೂ ಇಷ್ಟವಾದದ್ದು ಬಿಡದ ಮಳೆ.

ಇನ್ನು ಕಥೆಯ ಸ್ವಾರಸ್ಯ. ಬೋರ್ಡೋ ಹತ್ತಿರದ ಮೆದೋಕ್ ಎಂಬಲ್ಲಿ ರಸ್ತೆ ಬದಿಯ ತೋಟಗಳಿಗೆ ದಾರಿಹೋಕರ ಕಾಟ. ಹೋಗುವವರು ಬರುವವರು ಕೈಗೆಟುಕಿದ ಗೊಂಚಲು ಕಿತ್ತು ತಿನ್ನುತ್ತಿದ್ದರು. ತೋಟದವರು ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ರಸ್ತೆ ಬದಿಯ ಸಾಲುಗಳಿಗೆ ಮಾತ್ರ ಎರಚಿದರು. ನೀಲಿ ಬಡಿದ ಹಣ್ಣು ನೋಡಿದರೆ ವಿಷ ಎಂದು ಯಾರೂ ಮುಟ್ಟುವುದಿಲ್ಲ. 1882ರಲ್ಲಿ ಆ ದಾರಿಯಲ್ಲಿ ನಡೆದುಹೋದ ಸಸ್ಯಶಾಸ್ತ್ರದ ಮೇಷ್ಟ್ರು ಮಿಲಾರ್ದೆ, ಒಳಗಿನ ಬಳ್ಳಿಗಳೆಲ್ಲ ಬೂಜು ಹಿಡಿದು ಎಲೆ ಉದುರಿಸಿ ನಿಂತಿವೆ, ರಸ್ತೆ ಬದಿಯ ನೀಲಿ ಸಾಲು ಮಾತ್ರ ಹಸಿರಾಗಿದೆ ಎಂಬುದನ್ನು ಕಂಡರು. 1885ರಲ್ಲಿ ಬೋರ್ಡೋ ದ್ರಾವಣ ಲೋಕಕ್ಕೆ ಗೊತ್ತಾಯಿತು. ಕಳ್ಳರನ್ನು ಹೆದರಿಸಲು ಬಳಿದ ಬಣ್ಣ!

ಇದನ್ನು ಓದುವಾಗ ನಾನು ಒಬ್ಬನೇ ನಕ್ಕದ್ದು ಕೇಳಿ ಹೆಂಡತಿ ಎದ್ದು ಬಂದಳು. ನಕ್ಕದ್ದು ಮಾವನನ್ನು ನೆನೆದು. ಅವನ ತೋಟದ ರಸ್ತೆ ಬದಿಯ ಕಲ್ಲುಕೂಚದ ಮೇಲೆ ಸುಣ್ಣದಲ್ಲಿ ದಪ್ಪಗೆ ಬರೆದಿತ್ತು: ‘ಔಷದಿ ಹೊಡೆದಿದೆ’. ಮಹಾಪ್ರಾಣ ಅವನಿಗೆ ಆಗಿಬರುತ್ತಿರಲಿಲ್ಲ. ಔಷಧಿಗೆ ಕಾಸೂ ಆಗಿಬರುತ್ತಿರಲಿಲ್ಲ, ಹಾಗಾಗಿ ಹೊಡೆದದ್ದು ಆ ಅಕ್ಷರ ಮಾತ್ರ. ಬೆಂಗಳೂರು ಬ್ಲೂ ಹೇಗೂ ಒಡ್ಡೊಡ್ಡು ತಳಿ. ಪಕ್ಕದ ಶಾಲೆಯ ಹುಡುಗರು ಓದಲು ಬಂದರೂ ಓದದವರಂತೆ ಕಿತ್ತು ತಿನ್ನುತ್ತಿದ್ದರು. ಮಾವ ದೂರದಿಂದ ಬೊಬ್ಬೆ ಹಾಕುತ್ತಿದ್ದ, ಅಟ್ಟಿಸಿಕೊಂಡು ಬರುತ್ತಿರಲಿಲ್ಲ.

ಬೋರ್ಡೋದ ಕಥೆ ನಮ್ಮಲ್ಲಿಗೆ ಬರುವ ದಾರಿಯೂ ಚೆಂದವಿದೆ. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಎಂಬ ತಜ್ಞ, ಮಲೆನಾಡಿನ ಮಳೆಯಲ್ಲಿ ಅಡಿಕೆ ತೋಟ ಸುತ್ತಿ ಕೊಳೆರೋಗದ ಮೂಲ ಹಿಡಿದರು, ಅದಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಕಲಿಸಿದರು. ಅಲ್ಲಿಯವರೆಗೆ ರೈತರಿಗೆ ಗೊತ್ತಿದ್ದದ್ದು ಕೊನೆಗಳಿಗೆ ಕೊಟ್ಟೆ ಕಟ್ಟುವುದು, ಅಂದರೆ ಗೊನೆಗೊಂದು ಕೊಡೆ ಹಿಡಿದ ಹಾಗೆ ಮಳೆ ಬೀಳದಂತೆ ಮುಚ್ಚುವುದು. ಮರಮರಕ್ಕೂ ಹತ್ತಿ ಕೊಟ್ಟೆ ಕಟ್ಟುವವನ ಕಷ್ಟ ಕಟ್ಟಿದವನಿಗೇ ಗೊತ್ತು. ಕೋಲ್ಮನ್ ಮುಂದೆ ಸಂಸ್ಥಾನದ ಕೃಷಿ ಇಲಾಖೆಯ ಮುಖ್ಯಸ್ಥರಾದರು. ಹೆಬ್ಬಾಳದ ಕೃಷಿ ಶಾಲೆ ಅವರ ಕಾಲದ್ದು. ಅದೇ ಹೆಬ್ಬಾಳ. ಅಂದು ಬೆಳಿಗ್ಗೆ ನಾವು ನಲವತ್ತು ನಿಮಿಷ ಸಿಕ್ಕಿಕೊಂಡು ಕೂತಿದ್ದ ಫ್ಲೈಓವರಿನ ಹೆಬ್ಬಾಳ. ಕನ್ನಡ ನಾಡಿಗೆ ಬೋರ್ಡೋ ವೈನಿನ ಹೆಸರಾಗಿ ಬರುವ ಎಷ್ಟೋ ಮೊದಲು ಅಡಿಕೆಯ ಔಷಧಿಯಾಗಿ ಬಂದಿತ್ತು. ಹಾಗಾಗಿ ಹೆಗಡೆಯವರ ಪ್ರಶ್ನೆಗೆ ನಕ್ಕ ನಾನೇ ದಡ್ಡ.

ಅಮೆರಿಕದ ಬೇರು ಅಂದೆನಲ್ಲ. ಅಲ್ಲೇ ಇದೆ ನನ್ನ ನರಿ.

ಅಮೆರಿಕದ ಕಾಡುದ್ರಾಕ್ಷಿಯ ಒಂದು ಜಾತಿಗೆ ಅಲ್ಲಿಗೆ ಹೋದ ಇಂಗ್ಲಿಷಿನವರು ‘ಫಾಕ್ಸ್ ಗ್ರೇಪ್’ ಎಂದು ಹೆಸರಿಟ್ಟರು. ಯಾಕೆ ಇಟ್ಟರೆಂದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಆ ಜಾತಿಯ ರಕ್ತ ಬೆರೆತ ತಳಿ ಇಸಬೆಲ್ಲಾ. ನಮ್ಮ ಬೆಂಗಳೂರು ಬ್ಲೂ ಬೇರೆ ಯಾವುದೂ ಅಲ್ಲ, ಇಸಬೆಲ್ಲಾಳೇ ಇಲ್ಲಿ ಬಂದು ಹೆಸರು ಬದಲಿಸಿಕೊಂಡಳು ಎನ್ನುತ್ತಾರೆ ಬಲ್ಲವರು. ಬ್ರಿಟಿಷರ ಕಾಲದಲ್ಲಿ ಬಂದು, ದೇವನಹಳ್ಳಿ, ಚಿಕ್ಕಬಳ್ಳಾಪುರ, ಕೋಲಾರದ ಕೆಂಪು ಮಣ್ಣಿಗೆ ಒಗ್ಗಿ, ವರ್ಷಕ್ಕೆರಡು ಫಸಲು ಕೊಟ್ಟುಕೊಂಡು, ಈ ಕಡೆಯ ಸೊಸೆಯಂತೆ ಉಳಿದುಕೊಂಡಳು. ಫ್ರಾನ್ಸಿನವರು 1930ರ ದಶಕದಲ್ಲಿ ಕಾನೂನು ಮಾಡಿ, ಆರು ಅಮೆರಿಕನ್ ಕುಲದ ತಳಿಗಳ ವೈನು ಮಾರುವಂತಿಲ್ಲ ಎಂದು ನಿಷೇಧಿಸಿದರು. ಆ ಪಟ್ಟಿಯಲ್ಲಿ ಇಸಬೆಲ್ಲಾಳ ಹೆಸರೂ ಇದೆ. ಬೇರು ಬೇಕು, ಹಣ್ಣು ಬೇಡ. ಇವತ್ತಿಗೂ ಅವರ ಕುಲೀನ ಬಳ್ಳಿಗಳಲ್ಲಿ ಬಹುಪಾಲು ನಿಂತಿರುವುದು ಅಮೆರಿಕದ ಕಾಲಿನ ಮೇಲೆ. ನಮ್ಮ ಕಡೆ ದ್ರಾಕ್ಷಿಗೆ ಕಸಿ ಕಟ್ಟಲು ಹೆಚ್ಚಾಗಿ ಬಳಸುವ ಬೇರುಗಿಡವೂ ಅಮೆರಿಕದ್ದೇ, ಅದರ ಹೆಸರು ಡಾಗ್‌ರಿಡ್ಜ್. ಬುಡದಲ್ಲಿ ನಾಯಿ ಇದ್ದರೆ ಆಗುತ್ತದೆ, ಗೊಂಚಲಲ್ಲಿ ನರಿ ಇದ್ದರೆ ಆಗುವುದಿಲ್ಲ.

ಆ ವಾಸನೆಗೆ ಒಂದು ರಸಾಯನದ ಹೆಸರೂ ಇದೆ, ಮೀಥೈಲ್ ಆಂಥ್ರನಿಲೇಟ್. ಗ್ರೇಪ್ ಪೆಪ್ಪರಮೆಂಟು, ಗ್ರೇಪ್ ಸೋಡಾ ಇವುಗಳಲ್ಲಿ ಮೂಗಿಗೆ ಬಡಿಯುವುದು ಅದೇ. ಅಂದರೆ ಲೋಕದ ಮಕ್ಕಳಿಗೆಲ್ಲ ದ್ರಾಕ್ಷಿಯ ವಾಸನೆ ಎಂದರೆ ಇದೇ. ದೊಡ್ಡವರಾಗಿ ವೈನು ಕಲಿತ ಮೇಲೆ ಮಾತ್ರ ನರಿಯಾಗುತ್ತದೆ. ಇನ್ನೊಂದು ವಿಚಿತ್ರ: ಹಕ್ಕಿಗಳಿಗೆ ಅದು ಆಗುವುದಿಲ್ಲವಂತೆ, ಬೆಳೆಯ ಮೇಲೆ ಕೂರದಂತೆ ಹಕ್ಕಿ ಓಡಿಸಲು ಅದನ್ನು ಸಿಂಪಡಿಸುತ್ತಾರೆ. ಮಾವನ ತೋಟದ ಪಿಕಳಾರಗಳಿಗೆ ಈ ಸಂಗತಿ ಯಾರೂ ತಿಳಿಸಿರಲಿಲ್ಲ. ಬೆಳಗಾದರೆ ಡಬ್ಬ ಬಡಿಯುವ ಕೆಲಸ ನನ್ನದೇ ಆಗಿತ್ತು.

ನಿಜವಾದ ನರಿಯೂ ಬರುತ್ತಿತ್ತು. ರಾತ್ರಿ ಚಪ್ಪರದಡಿ ಕಾವಲು ಮಲಗಿದ್ದಾಗ ಮಾವ ಮೊಣಕೈಯಲ್ಲಿ ತಿವಿದು ಎಬ್ಬಿಸಿ ತೋರಿಸಿದ್ದ. ಬೆಳದಿಂಗಳು ಚಪ್ಪರದ ಸಂದಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಬಿದ್ದಿತ್ತು. ಅದು ಉದುರಿದ ಹಣ್ಣುಗಳನ್ನು ಒಂದೊಂದಾಗಿ, ಯಾವ ಅವಸರವೂ ಇಲ್ಲದೆ ತಿಂದು, ನಮ್ಮ ಕಡೆ ಒಮ್ಮೆ ನೋಡಿ ಹೋಯಿತು. ಹುಳಿ ಎಂದದ್ದು ಕಥೆಯ ನರಿ ಮಾತ್ರ. “ನೋಡ್ಕೊಂಡ್ಯಾ ಮುಖಾನ? ನಾಳೆ ನಿಂಗೆ ಒಳ್ಳೇದಾಗ್ತದೆ” ಅಂದ ಮಾವ. ಎಲ್ಲಕ್ಕೂ ಅದೃಷ್ಟ ಕೂಡಿಬಂದವನಿಗೆ ‘ಎದ್ದು ನರಿ ಮುಖ ನೋಡಿದ್ಯೇನೋ’ ಎನ್ನುವ ನಾಡು ನಮ್ಮದು. ಫಾಕ್ಸಿ ಎಂದಾಗ ನಾನು ಸಿಟ್ಟಾಗುವ ಬದಲು ಸಂತೋಷಪಡಬೇಕಿತ್ತು ಅನ್ನಿ.

ರುಚಿಯ ಕೋಣೆಯಲ್ಲಿ ಹೆಗಡೆಯವರನ್ನು ಬಿಟ್ಟು ಎಲ್ಲಿಗೋ ಬಂದೆ. ಅವರು ಆ ಬೋರ್ಡೋ ಶೈಲಿಯ ಕೆಂಪು ವೈನನ್ನು ಬೆಳಕಿಗೆ ಹಿಡಿದು, ಒಂದು ಗುಟುಕು ಹಾಕಿ, ನಾಲಿಗೆ ಚಪ್ಪರಿಸಿ “ಚೊಗರು” ಎಂದು ತೀರ್ಪು ಕೊಟ್ಟರು. ಸುಲಿದ ಹಸಿ ಅಡಿಕೆ ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಕಡುಗೆಂಪು ನೀರು ಚೊಗರು. ಮುಂದಿನ ಅಡಿಕೆಗೆ ಬಣ್ಣ ಬರಲು ಅದನ್ನೇ ಬಳಸುತ್ತಾರೆ. ಅದೇ ಬಣ್ಣ, ನಾಲಿಗೆಯನ್ನು ಎರಡೂ ಕಡೆಯಿಂದ ಹಿಡಿದೆಳೆಯುವ ಅದೇ ಒಗರು. ಹುಡುಗಿ ಅದಕ್ಕೆ ‘ಟ್ಯಾನಿನ್’ ಎಂದಳು, ಸಿಗಾರ್ ಪೆಟ್ಟಿಗೆ, ಚರ್ಮ, ಬ್ಲ್ಯಾಕ್‌ಕರೆಂಟ್ ಎಂದೂ ಸೇರಿಸಿದಳು. ಬ್ಲ್ಯಾಕ್‌ಕರೆಂಟ್ ಹಣ್ಣನ್ನು ನಾನು ಕಂಡದ್ದು ಐಸ್‌ಕ್ರೀಮ್ ಡಬ್ಬದ ಚಿತ್ರದಲ್ಲಿ. ನನಗೆ ನೇರಳೆ ಹಣ್ಣಿನ ವಾಸನೆ ಬಂದಿತ್ತು, ಹೇಳಿದೆ. “ಹಾಗೂ ಅನ್ನಬಹುದು ಸರ್” ಅಂದಳು, ತಪ್ಪು ಉತ್ತರ ಬರೆದ ಹುಡುಗನಿಗೆ ಕೈಬರಹಕ್ಕೆ ಅರ್ಧ ಅಂಕ ಕೊಟ್ಟಂತೆ.

ಇನ್ನೊಂದು ವೈನರಿಯ ಬಗ್ಗೆ ಹೇಳುವುದೇನೂ ಇಲ್ಲ. ಊಟ ಚೆನ್ನಾಗಿತ್ತು, ಬಿಸಿಲು ಜೋರಿತ್ತು, ಹೆಗಡೆಯವರು ಮರದ ನೆರಳಲ್ಲಿ ಕವಳ ಹಾಕಿಕೊಂಡು ನಿದ್ದೆ ಹೋದರು. ಗೋಡೆಯ ಮೇಲೆ ಸರ್ಕಾರದ ಒಂದು ಫಲಕದಲ್ಲಿ ‘ದ್ರಾಕ್ಷಾರಸ’ ಎಂಬ ಪದ ಕಂಡಿತು. 2007ರಲ್ಲಿ ವೈನಿಗೆಂದೇ ನೀತಿ, ಮಂಡಳಿ ಎಲ್ಲ ಆದಾಗ ಚಾಲ್ತಿಗೆ ಬಂದ ಸರ್ಕಾರಿ ಮಾತು. ಮನೆಯಲ್ಲಿ, ಬೀದಿಯಲ್ಲಿ ಯಾರೂ ಹಾಗನ್ನುವುದಿಲ್ಲ. ಆದರೆ ಇಲಾಖೆಗಿಂತ ಎಷ್ಟೋ ಮೊದಲು ಆ ಪದ ಬಳಸುತ್ತಿದ್ದ ಒಬ್ಬರು ನನಗೆ ಗೊತ್ತಿದ್ದರು.

ಬ್ಯಾಂಕು ಸೇರಿದ ಹೊಸತರಲ್ಲಿ ನಾನು ಕಾಕ್ಸ್‌ಟೌನಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಮನೆಯೊಡತಿ ಕ್ರೈಸ್ತರು, ವಿಧವೆ, ಎಲ್ಲರಿಗೂ ಆಂಟಿ. ಕನ್ನಡ ಬೈಬಲ್ಲು ಓದುತ್ತಿದ್ದರು. ಕಾನಾ ಊರಿನ ಮದುವೆಯಲ್ಲಿ ನೀರು ದ್ರಾಕ್ಷಾರಸವಾದ ಕಥೆಯನ್ನು ನನಗೆ ಹೇಳಿದ್ದು ಅವರೇ. ಕ್ರಿಸ್ಮಸ್ಸಿಗೆ ಎರಡು ತಿಂಗಳು ಮುಂಚೆ ಅವರ ಅಡಿಗೆಮನೆಯ ಮೂಲೆಯಲ್ಲಿ ಎರಡು ಉಪ್ಪಿನಕಾಯಿ ಭರಣಿಗಳಿಗೆ ಹೊಸ ಉದ್ಯೋಗ. ಕಪ್ಪು ದ್ರಾಕ್ಷಿ ಹಿಸುಕಿ ಹಾಕಿ, ಸಕ್ಕರೆ, ಒಂದು ಹಿಡಿ ಗೋಧಿ, ಚಕ್ಕೆ, ಲವಂಗ, ಚಿಟಿಕೆ ಯೀಸ್ಟು. ಬಾಯಿಗೆ ಮಲ್ಲು ಬಟ್ಟೆ. ದಿನಾ ಒಂದೇ ಹೊತ್ತಿಗೆ ಮರದ ಸೌಟಿನಿಂದ ತಿರುವಬೇಕು. ತಿರುವುವಾಗ ಯಾರೂ ಅಡಿಗೆಮನೆಗೆ ಕಾಲಿಡಬಾರದು, ಇಟ್ಟರೆ ಹುಳಿಯುತ್ತದೆ. ಅದಕ್ಕೆ ಬೆಂಗಳೂರು ಬ್ಲೂ ಬಿಟ್ಟು ಬೇರೆ ದ್ರಾಕ್ಷಿ ನಡೆಯುವುದಿಲ್ಲ. ಬೇರೆಯದರಲ್ಲಿ ‘ಸ್ಮೆಲ್ಲೇ ಬರಲ್ಲ’ ಎನ್ನುತ್ತಿದ್ದರು ಆಂಟಿ.

ಒಂದು ವರ್ಷ ಮಾವನ ತೋಟದಿಂದ ಎರಡು ಬುಟ್ಟಿ ತಂದು ಕೊಟ್ಟೆ. ಡಿಸೆಂಬರಿನಲ್ಲಿ ಆಂಟಿ ಒಂದು ಹಳೇ ಸ್ಕ್ವಾಷ್ ಬಾಟಲಿಯಲ್ಲಿ ತುಂಬಿ “ಇದು ತೋಟದವರಿಗೆ” ಎಂದರು. ಮಾವ ಹನುಮಂತನ ಭಕ್ತ, ಶನಿವಾರ ಒಪ್ಪೊತ್ತು, ಹೆಂಡ ಸಾರಾಯಿ ಎಂದರೆ ದೂರದಿಂದಲೇ ಕೈಮುಗಿಯುವವನು. ತಂದದ್ದು ತಪ್ಪಾಯಿತೇನೋ ಎಂದು ಅಳುಕುತ್ತಲೇ ಜಗುಲಿಯ ಮೇಲಿಟ್ಟೆ. ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದ. ತುಂಬ ಹೊತ್ತು ಹಿಡಿದೇ ಇದ್ದ. “ನಮ್ ತೋಟದ್ದೇ ಕಣ್ಲಾ” ಅಂದ. ಕುಡಿಯಲಿಲ್ಲ. ಬಾಟಲಿ ದೇವರ ಗೂಡಿನ ಪಕ್ಕದ ಗೂಡಿನಲ್ಲಿ ವರ್ಷಗಟ್ಟಲೆ ಇತ್ತು. ಆಗಾಗ ಮುಚ್ಚಳ ತೆಗೆದು ನೋಡುತ್ತಿದ್ದನೆಂದು ಅತ್ತೆ ನಗುತ್ತಿದ್ದಳು.

ಆ ತೋಟ ಈಗಿಲ್ಲ. ಬೋರ್‌ವೆಲ್ಲು ಮೊದಲು ಇನ್ನೂರು ಅಡಿಗೆ, ಆಮೇಲೆ ಆರುನೂರಕ್ಕೆ, ಆಮೇಲೆ ಸಾವಿರ ದಾಟಿದರೂ ಧೂಳು. ವಿಮಾನ ನಿಲ್ದಾಣ ಬರುತ್ತದೆಂದು ಭೂಮಿಗೆ ಬಂದ ಬೆಲೆ ದ್ರಾಕ್ಷಿಗೆ ಯಾವ ಜನ್ಮಕ್ಕೂ ಬರುವುದಿಲ್ಲ. 2006ರಲ್ಲಿ ಚಪ್ಪರ ಕಿತ್ತರು, 2008ರಲ್ಲಿ ವಿಮಾನ ಇಳಿಯಿತು. 2013ರಲ್ಲಿ ಬೆಂಗಳೂರು ಬ್ಲೂ ದ್ರಾಕ್ಷಿಗೆ ಭೌಗೋಳಿಕ ಸೂಚಕದ ಮಾನ್ಯತೆ ಬಂತು ಎಂದು ಪೇಪರಿನಲ್ಲಿ ಓದಿ ಹೇಳಿದಾಗ ಮಾವ “ಯಾರಿಗೆ ಬಂತಂತೆ?” ಎಂದು ಕೇಳಿದ್ದ. ಈಗ ಅಲ್ಲೊಂದು ಲೇಔಟು. ಅದರ ಕಮಾನಿನ ಮೇಲೆ ಸಿಮೆಂಟಿನಲ್ಲಿ ಮಾಡಿದ ದೊಡ್ಡದೊಂದು ದ್ರಾಕ್ಷಿ ಗೊಂಚಲಿದೆ, ಹಸಿರು ಬಣ್ಣ ಬಳಿದಿದ್ದಾರೆ. ಮಾವ ಬೆಳೆದದ್ದು ಕಪ್ಪು. ಕಲ್ಲುಕೂಚಗಳಲ್ಲಿ ಕೆಲವು ಬೇಲಿಗೆ ನಿಂತಿವೆ. ಹಿಂದೊಮ್ಮೆ ಹೋದಾಗ ಒಂದೊಂದನ್ನೂ ಬಗ್ಗಿ ನೋಡಿದೆ, ಸುಣ್ಣದ ಅಕ್ಷರ ಯಾವುದರ ಮೇಲೂ ಇರಲಿಲ್ಲ. ಇಪ್ಪತ್ತು ಮಳೆಗಾಲ ತಡೆಯಲು ಅದೇನು ಶಾಸನವೇ.

ವಾಪಸು ಬರುವಾಗ ದೇವನಹಳ್ಳಿಯ ಹತ್ತಿರ ರಸ್ತೆ ಬದಿ ತಳ್ಳುಗಾಡಿಯಲ್ಲಿ ಕಪ್ಪು ದ್ರಾಕ್ಷಿ ಕಂಡು ಕಾರು ನಿಲ್ಲಿಸಲು ಹೇಳಿದೆ. ವೈನರಿಯಿಂದ ತಂದ ಬಾಟಲಿ ಹಿಂದೆ ಡಿಕ್ಕಿಯಲ್ಲಿತ್ತು, ದ್ರಾಕ್ಷಿ ಮಡಿಲಲ್ಲಿ. ಚಿಕ್ಕಜಾಲ ಬರುವಷ್ಟರಲ್ಲಿ ಕಾರಿನ ತುಂಬ ಆ ವಾಸನೆ. ಬೆಳಗಿನಿಂದ ನಮ್ಮ ಜೊತೆ ಸುತ್ತಿ, ಒಂದು ಹನಿಯೂ ಮುಟ್ಟದಿದ್ದ ಡ್ರೈವರ್ ಹುಡುಗನಿಗೆ ಒಂದು ಗೊಂಚಲು ಕೊಟ್ಟೆ. ಅವನು ಸಿಗ್ನಲ್ಲು ಸಿಕ್ಕಾಗಲೆಲ್ಲ ಒಂದೊಂದು ಹಣ್ಣು ತುಟಿಗಿಟ್ಟು ಒತ್ತುತ್ತಿದ್ದ. ತಿರುಳು ಪಚಕ್ಕನೆ ಒಳಗೆ, ಸಿಪ್ಪೆ ಕೈಯಲ್ಲಿ. ಮಾವನ ತೋಟದ ಪಕ್ಕದ ಶಾಲೆಯ ಹುಡುಗರು ತಿನ್ನುತ್ತಿದ್ದ ರೀತಿ, ಯಾರು ಕಲಿಸಿದರೋ. ಹೆಗಡೆಯವರು ಎದ್ದು “ಎಂಥ ಪರಿಮಳ ಮಾರಾಯ್ರೇ” ಎಂದು ಮತ್ತೆ ಮಲಗಿದರು.

ತಡೆಯಲಾರದೆ ಮಾವನಿಗೆ ಫೋನು ಹಚ್ಚಿದೆ. ಎಂಬತ್ತಾರು ದಾಟಿದೆ, ಕಿವಿ ಮಂದ. ಕೂಗಿ ಕೇಳಬೇಕಾಯಿತು.

“ಮಾವ, ನಮ್ಮ ದ್ರಾಕ್ಷಿ ನರಿ ವಾಸನೆ ಹೊಡೀತಿತ್ತಾ?”

“ನರಿನಾ? ಬರ್ತಿತ್ತು. ಈಗ ಎಲ್ ಬಂದಾತು?”

“ನರಿ ಅಲ್ಲ ಮಾವ, ವಾಸನೆ, ವಾಸನೆ. ಈಗ ದಾರೀಲಿ ನಮ್ಮ ಕಪ್ಪು ದ್ರಾಕ್ಷಿ ತಗೊಂಡೆ, ಅದಕ್ಕೆ ನೆನಪಾಯ್ತು.”

ಆ ಕಡೆ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಆಮೇಲೆ, “ಕೆ.ಜಿ. ಎಷ್ಟ್ ಕೊಟ್ಟೆ?”

“ನೂರಿಪ್ಪತ್ತು.”

“ದಡ್ಡ ನನ್ಮಗ್ನೆ” ಅಂದು ಮಾವ ಫೋನಿಟ್ಟ.